ಚೀಟಿಯಲ್ಲಿನ ಗ್ರೀಕ್

ಸಿರುಗುಪ್ಪದ ನಮ್ಮ ಸೋದರತ್ತೆ ಮೊಣಕಾಲು ನೋವೆಂದು ಬಳ್ಳಾರಿಗೆ ಬಂದಿದ್ದರು. ವೈದ್ಯರನ್ನು ಕಂಡು ಮನೆಗೆ ಮರಳಿದವರು ಊಟಕ್ಕೇ ಏಳಲಿಲ್ಲ. "ಮೊಮ್ಮಗಳಿಗೆ ಕುರುಗೋಡಿನ ಆ ಸಂಬಂಧವನ್ನೇ ಗೊತ್ತುಮಾಡಿಬಿಡಪ್ಪ. ನಾನಿರುವಾಗಲೇ ನಾಲ್ಕು ಅಕ್ಕಿಕಾಳು ಬೀಳಲಿ" ಎಂದರು. ಹುಡುಗಿಯ ಓದು ಇನ್ನೂ ಮುಗಿದಿಲ್ಲ. ಗಾಬರಿಯಿಂದ ಚೀಟಿಯನ್ನು ಬಿಡಿಸಿದೆ: 'ಆಸ್ಟಿಯೋ ಆರ್ಥ್ರೈಟಿಸ್'.

ಗ್ರೀಕಿನಲ್ಲಿ 'ಆಸ್ಟಿಯಾನ್' ಎಂದರೆ ಎಲುಬು. ನಮ್ಮ 'ಅಸ್ಥಿ'ಗೆ ದಾಯಾದಿ. 'ಆರ್ಥ್ರಾನ್' ಎಂದರೆ ಕೀಲು. 'ಐಟಿಸ್' ಎಂಬುದಕ್ಕೆ ಮೊದಲಿದ್ದ ಅರ್ಥ 'ಅದಕ್ಕೆ ಸಂಬಂಧಿಸಿದ್ದು' ಎಂದಷ್ಟೇ. ಉರಿಯೂತವೆಂಬ ಅರ್ಥ ಆಮೇಲೆ ಕೂಡಿಕೊಂಡಿತು. ಕನ್ನಡದ 'ಉರಿಯೂತ'ವಾದರೋ ಉರಿಯನ್ನೂ ಊತವನ್ನೂ ತಾನೇ ಬಾಯಿಬಿಟ್ಟು ಹೇಳುತ್ತದೆ!

"ಅತ್ತೆ, ಇದು ಕೀಲಿನ ಸವೆತ. ನಡೆಯುವಾಗ ಕಾಡೀತು, ಜೀವ ತೆಗೆಯುವ ರೋಗವಲ್ಲ" ಎಂದೆ.

"ಹಾಗೆಂದು ಅಲ್ಲಿಯೇ ಹೇಳಬಾರದಿತ್ತೇನಪ್ಪ?"

ಶಾಸ್ತ್ರಕ್ಕೆ ಗ್ರೀಕ್ ಬೇಕು. ಆ ಹೆಸರುಗಳಿಂದಲೇ ಬಳ್ಳಾರಿಯ ವೈದ್ಯರ ಚೀಟಿಯನ್ನು ಬರ್ಲಿನ್ನಿನ ವೈದ್ಯರೂ ಓದಬಲ್ಲರು. 1961ರಲ್ಲಿ ನಮ್ಮೂರಿನಲ್ಲಿ ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ಇಲ್ಲಿನ ತರುಣರೂ ಅವನ್ನು ಕಲಿತಿದ್ದಾರೆ. ಆದರೆ 14ನೆಯ ಶತಮಾನದಲ್ಲಿಯೇ ಮಂಗರಾಜನು 'ಖಗೇಂದ್ರಮಣಿದರ್ಪಣ'ದಲ್ಲಿ ವಿಷವೈದ್ಯವನ್ನು ಕನ್ನಡದಲ್ಲಿ ಬರೆದನೆಂಬುದನ್ನು ಮರೆಯಬಾರದು. ಹೆಸರು ವೈದ್ಯರಿಗಿರಲಿ, ಅರ್ಥ ರೋಗಿಗೂ ಸಲ್ಲಬೇಕು. ಓದುಗರೇ, ಚೀಟಿ ಕೈಗೆ ಬಂದಾಗ "ಕನ್ನಡದಲ್ಲಿ ಇದಕ್ಕೇನೆನ್ನುತ್ತಾರೆ?" ಎಂದು ಕೇಳಲು ಸಂಕೋಚಪಡಬೇಡಿ.

ಅತ್ತೆ ಆ ರಾತ್ರಿ ಎರಡು ರೊಟ್ಟಿ ತಿಂದರು. ಕುರುಗೋಡಿನ ಮಾತು ನಿಂತಿದೆ. ಮೊಮ್ಮಗಳು ಪರೀಕ್ಷೆಗೆ ಓದುತ್ತಿದ್ದಾಳೆ.