ಹೊಳೆಯ ನಡುವಿನ ಊರು

ದ್ವೀಪವೆಂದೊಡನೆ ನಮ್ಮ ಮನಸ್ಸು ಕಡಲಿನತ್ತ ಹರಿಯುತ್ತದೆ. ಹದಿನೇಳು ಸಾವಿರಕ್ಕೂ ಮಿಕ್ಕ ದ್ವೀಪಗಳುಳ್ಳ ಇಂಡೋನೇಷ್ಯದ ಯಾವುದೋ ಮೂಲೆಯ ಹಳ್ಳಿ, ಅಲ್ಲಿಯ ತೆಂಗಿನ ತೋಪು, ಎಂದೋ ಒಮ್ಮೆ ಬರುವ ಹಡಗು, ಆ ಹಡಗಿನ ದಾರಿ ಕಾಯುವ ಜನ, ಇವೆಲ್ಲ ಭೂಗೋಳದ ಪುಸ್ತಕ ನಮಗೆ ಬರೆದುಕೊಟ್ಟ ಚಿತ್ರ. ಬಿಸಿಲಿಗೂ ಬಂಡೆಗೂ ಹೆಸರಾದ ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ದ್ವೀಪವಿದೆಯೆಂದರೆ ಬೆಂಗಳೂರಿನ ನನ್ನ ಬಂಧುಗಳು ನಗುತ್ತಾರೆ. ಗಂಗಾವತಿಗೆ ಪಾಠ ಹೇಳಲು ಬಂದ ಹೊಸದರಲ್ಲಿ ನಾನೂ ನಗುತ್ತಿದ್ದವನೇ. ನನ್ನ ನಗೆಯನ್ನು ನಿಲ್ಲಿಸಿದವನು ನನ್ನ ತರಗತಿಯ ಹುಡುಗನೊಬ್ಬ.

ಅದೊಂದು ಮಳೆಗಾಲದಲ್ಲಿ ಆತ ನಾಲ್ಕು ದಿನ ತರಗತಿಗೆ ಬರಲಿಲ್ಲ. ಐದನೆಯ ದಿನ ಬಂದವನನ್ನು ಎಬ್ಬಿಸಿ ನಿಲ್ಲಿಸಿ ಕಾರಣ ಕೇಳಿದೆ. “ಹೊಳಿ ಬಂದಿತ್ತು, ಸರ್” ಎಂದ. “ಹೊಳೆ ತಪ್ಪದೆ ಬರುತ್ತದೆ, ನೀನು ಮಾತ್ರ ಬರುವುದಿಲ್ಲ” ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಅಧ್ಯಾಪಕನಿಗೆ ಇಂಥ ನಗೆಯೆಂದರೆ ಎಷ್ಟು ಆಸೆಯೆಂಬುದು ಆ ವೃತ್ತಿಯವರಿಗಷ್ಟೇ ಗೊತ್ತು. ಆದರೆ ಆ ಹುಡುಗ ನಗಲಿಲ್ಲ. ತಲೆ ತಗ್ಗಿಸಿ ಕುಳಿತುಕೊಂಡ. ಆತನ ಊರು ವಿರೂಪಾಪುರ ಗಡ್ಡೆಯೆಂದು ಸಂಜೆ ಸಹೋದ್ಯೋಗಿಯೊಬ್ಬರು ತಿಳಿಸಿದರು. ಮುಂದಿನ ಭಾನುವಾರ ಆತನೊಡನೆ ನಾನೂ ಹೊರಟೆ.

ಹಂಪೆಯ ವಿರೂಪಾಕ್ಷನ ಗೋಪುರಕ್ಕೆ ಎದುರಾಗಿ, ತುಂಗಭದ್ರೆಯ ಎರಡು ಸೀಳುಗಳ ನಡುವೆ, ಗಂಗಾವತಿ ತಾಲೂಕಿಗೆ ಸೇರಿದ ನೆಲ ಇದು. ಬತ್ತದ ಗದ್ದೆ, ಒಂದರ ಮೇಲೊಂದು ಹೇರಿದಂತಿರುವ ಬಂಡೆಗಳು, ವಿಜಯನಗರದವರು ನೀರು ಹಾಯಿಸಲು ನಿಲ್ಲಿಸಿದ ಕಲ್ಲುಗಂಬಗಳ ಸಾಲು. ಬಡಗಲಿಗೆ ಸಾಣಾಪುರದ ದಾರಿಯುಂಟು. ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟರೆ ಆ ದಾರಿ ಮುಳುಗುತ್ತದೆ. ತೆಂಕಲಿಗೆ ಹೊಳೆ, ಅದನ್ನು ದಾಟಲು ದೋಣಿಯೇ ಗತಿ. ೧೫೨೦ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗಿನ, ಹೊರಗೆ ತೊಗಲು ಹೊದಿಸಿದ, ಹದಿನೈದಿಪ್ಪತ್ತು ಮಂದಿಯನ್ನು ಹೊರುವ ಹರಿಗೋಲುಗಳನ್ನು ಆನೆಗೊಂದಿಯ ಬಳಿ ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಐನೂರು ವರ್ಷಗಳ ಬಳಿಕವೂ ಈ ಹೊಳೆಯ ಮೇಲೆ ಹರಿಗೋಲು ತಿರುಗುತ್ತಲೇ ಇದೆ. ಪ್ರವಾಸಿಗೆ ಅದು ವಿನೋದ. ಹುಟ್ಟು ಹಾಕುವವನಿಗೆ ಅನ್ನ.

ಜಗತ್ತು ಈ ಊರನ್ನು ಮರೆತಿತ್ತೆಂದಲ್ಲ. ಹಂಪೆಯನ್ನು ನೋಡಲು ಬಂದ ದೇಶವಿದೇಶಗಳ ತರುಣರು ಹೊಳೆ ದಾಟಿ ಇಲ್ಲಿ ತಂಗತೊಡಗಿದರು. ಗದ್ದೆಯ ಅಂಚಿನಲ್ಲಿ ಗುಡಿಸಿಲುಗಳೆದ್ದವು, ಗುಡಿಸಿಲು ವಸತಿಗೃಹವಾಯಿತು. ಪರದೇಶದವರು ಇದಕ್ಕೆ ‘ಹಿಪ್ಪಿ ದ್ವೀಪ’ವೆಂದು ಹೊಸ ಹೆಸರನ್ನೇ ಇಟ್ಟರು. ಆದರೆ ೧೯೮೮ರಲ್ಲಿಯೇ ಸರಕಾರ ಈ ನೆಲವನ್ನು ಸಂರಕ್ಷಿತ ಪ್ರದೇಶಕ್ಕೆ ಸೇರಿಸಿತ್ತು. ಕಟ್ಟಡಗಳು ಅಕ್ರಮವೆಂದು ೨೦೧೫ರಲ್ಲಿ ಉಚ್ಚ ನ್ಯಾಯಾಲಯ ಹೇಳಿತು. ೨೦೨೦ರ ಫೆಬ್ರವರಿ ೧೧ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ಎತ್ತಿಹಿಡಿಯಿತು. ಮಾರ್ಚ್ ಮೊದಲ ವಾರದಲ್ಲಿ ಯಂತ್ರಗಳು ಬಂದು ಅವನ್ನೆಲ್ಲ ಉರುಳಿಸಿದುವು. ಅದೇ ತಿಂಗಳ ಕೊನೆಗೆ ಮಹಾಮಾರಿಯ ದಿಗ್ಬಂಧನವೂ ಬಂದಿತು.

ತೀರ್ಪು ತಪ್ಪೆಂದು ನಾನು ಹೇಳಲಾರೆ. ಕನ್ನಡದ ಮೇಷ್ಟರಾಗಿ ಹಂಪೆಯ ಕಲ್ಲಿನ ಮೇಲೆ ನನಗಿರುವ ಮೋಹ ಕಡಮೆಯದಲ್ಲ. ವಸತಿಗೃಹದ ಯಜಮಾನನಾದರೋ ಬೇರೆಡೆ ಬಂಡವಾಳ ಹೂಡಿಯಾನು. ಆ ವಸತಿಗೃಹದ ಹಾಸಿಗೆಬಟ್ಟೆ ಒಗೆಯುತ್ತಿದ್ದ, ನನ್ನ ಶಿಷ್ಯನ ತಾಯಿ, ಎಲ್ಲಿಗೆ ಹೋಗಬೇಕು? ಆಕೆ ನನಗೆ ಚಹಾ ಕೊಡುತ್ತ, “ಕೂಲಿ ಹೋಯ್ತು ಸರ, ಹೊಳಿ ಉಳೀತು” ಎಂದಳು. ಆ ಮಾತಿನಲ್ಲಿ ದೂರಿರಲಿಲ್ಲ. ಲೆಕ್ಕ ಒಪ್ಪಿಸುವವರ ಧ್ವನಿಯಿತ್ತು. ಈಗ ಆಕೆ ಕಂಡವರ ಗದ್ದೆಯಲ್ಲಿ ನಾಟಿ, ಕಳೆ, ಕೊಯ್ಲಿಗೆ ಹೋಗುತ್ತಾಳೆ.

ಸೇತುವೆಯ ಕಥೆಯೂ ಹೀಗೆಯೇ. ಇಲ್ಲಿಂದ ಹಂಪೆಗೆ ಒಂದು ಕಾಲುಸೇತುವೆಯನ್ನೂ, ಆನೆಗೊಂದಿಯಿಂದ ತಳವಾರಘಟ್ಟಕ್ಕೆ ಒಂದು ದೊಡ್ಡ ಸೇತುವೆಯನ್ನೂ ಕಟ್ಟಲು ತೊಡಗಿದಾಗ, ಸ್ಮಾರಕಗಳಿಗೆ ಧಕ್ಕೆಯೆಂದು ಯುನೆಸ್ಕೊ ಸಂಸ್ಥೆ ೧೯೯೯ರಲ್ಲಿ ಹಂಪೆಯನ್ನು ಅಪಾಯದ ಪಟ್ಟಿಗೆ ಸೇರಿಸಿತು. ೨೦೦೬ರಲ್ಲಿ ಆ ಪಟ್ಟಿಯಿಂದ ತೆಗೆಯಿತು. ಮತ್ತೆ ಕೆಲಸಕ್ಕೆ ತೊಡಗಿದ ಆನೆಗೊಂದಿಯ ಸೇತುವೆ ೨೦೦೯ರ ಜನವರಿಯಲ್ಲಿ ಕುಸಿದುಬಿದ್ದು ಕೂಲಿಕಾರರ ಪ್ರಾಣವನ್ನು ತೆಗೆದುಕೊಂಡಿತು. ಕೊನೆಗೆ ಕೆಳಗಡೆ, ಕಡೇಬಾಗಿಲು ಮತ್ತು ಬುಕ್ಕಸಾಗರಗಳ ನಡುವೆ ಸೇತುವೆಯಾಯಿತು. ಗಡ್ಡೆಯ ಪಾಲಿಗೆ ದೋಣಿಯೇ ಉಳಿಯಿತು.

ನಡುಗಡ್ಡೆಯ ಬಾಳು ಎಷ್ಟು ಕಠಿಣವೆಂಬುದಕ್ಕೆ ನೆರೆಯ ಕೃಷ್ಣೆಯೇ ಸಾಕ್ಷಿ. ೨೦೧೩ರಲ್ಲಿ, ಸುರಪುರ ತಾಲೂಕಿನ ನೀಲಕಂಠರಾಯನ ಗಡ್ಡೆಯ ತುಂಬುಗರ್ಭಿಣಿಯೊಬ್ಬಳು, ಒಣಗಿದ ಸೋರೆಬುರುಡೆಗಳನ್ನು ಕಟ್ಟಿಕೊಂಡು, ಮನೆಯವರ ನೆರವಿನಿಂದ ಉಕ್ಕುವ ಹೊಳೆಯನ್ನು ಈಜಿ ದಾಟಿದಳು. ಆಸ್ಪತ್ರೆಯಿದ್ದುದು ಆಚೆಯ ದಡದಲ್ಲಿ. ಪತ್ರಿಕೆಗಳು ಆಕೆಯ ಧೈರ್ಯವನ್ನು ಹೊಗಳಿದುವು. ಹೊಗಳಿಕೆ ಸಲ್ಲತಕ್ಕದ್ದೇ, ಆದರೆ ಹೆರಿಗೆಗಾಗಿ ಹೆಣ್ಣುಮಗಳೊಬ್ಬಳು ಧೈರ್ಯ ತೋರಬೇಕಾಗಿ ಬಂದುದು ನಾವು ನಾಚತಕ್ಕ ಸಂಗತಿ.

ನಮ್ಮ ಗಡ್ಡೆಯ ನೆತ್ತಿಯ ಮೇಲೆ ೧೯೫೩ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟಿದೆ. ೨೦೧೯ರ ಆಗಸ್ಟಿನ ಪ್ರವಾಹದಲ್ಲಿ ಇಲ್ಲಿ ಸಿಕ್ಕಿಕೊಂಡ ಪ್ರವಾಸಿಗರನ್ನು ಪಾರುಮಾಡಲು ಹೆಲಿಕಾಪ್ಟರು ಬರಬೇಕಾಯಿತು. ೨೦೨೪ರ ಆಗಸ್ಟ್ ೧೦ರ ರಾತ್ರಿ ೩೩ ಗೇಟುಗಳಲ್ಲಿ ೧೯ನೆಯದರ ಸರಪಳಿ ಕಡಿದು, ಗೇಟು ಕೊಚ್ಚಿಹೋಯಿತು. ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ತಡೆಹಲಗೆಗಳನ್ನು ಇಳಿಸುವವರೆಗೆ ಸುಮಾರು ಒಂದು ವಾರ ನಾಡೆಲ್ಲ ಉಸಿರು ಬಿಗಿಹಿಡಿದಿತ್ತು. ನಾವು ಗಂಗಾವತಿಯಲ್ಲಿ, ಮುಂದಿನ ಬೆಳೆಗೆ ಎಡದಂಡೆಯ ನೀರು ಉಳಿದೀತೆ ಎಂದು ಚಿಂತಿಸಿದೆವು. ಗಡ್ಡೆಯವರು ಚಿಂತಿಸಿದ್ದು ಆ ರಾತ್ರಿಯನ್ನು ಕುರಿತು. “ಯಾರೂ ಮಲಗಲಿಲ್ಲ ಸರ್, ನೀರಿನ ಸಪ್ಪಳ ಕೇಳ್ತಾ ಕೂತಿದ್ವಿ” ಎಂದ ಹುಡುಗ.

ಹಾಗಾದರೆ ಇವರ ಮುಂದಿನ ದಾರಿ ಯಾವುದು? ಊರನ್ನೇ ಬಿಟ್ಟುಬಿಡಿರೆನ್ನುವುದು ಸುಲಭ. ಅದನ್ನು ಹೇಳುವವರು ಸಾಮಾನ್ಯವಾಗಿ ದಡದ ಮೇಲಿರುತ್ತಾರೆ. ಕಲ್ಲನ್ನು ಕೆಡಿಸದೆಯೂ ಬದುಕಬಹುದೆಂಬುದಕ್ಕೆ ಹತ್ತಿರದಲ್ಲಿಯೇ ನಿದರ್ಶನವಿದೆ. ೧೯೯೭ರಲ್ಲಿ ಆನೆಗೊಂದಿಯಲ್ಲಿ ಆರಂಭವಾದ ಕಿಷ್ಕಿಂದಾ ಟ್ರಸ್ಟಿನಿಂದ ಅಲ್ಲಿಯ ಹೆಂಗಸರು, ಬಿಸಾಡುತ್ತಿದ್ದ ಬಾಳೆಯ ನಾರಿನಿಂದ ಬುಟ್ಟಿ, ಚೀಲ, ಚಾಪೆ ಹೆಣೆಯಲು ಕಲಿತರು. ಇಂಥ ಕೆಲಸಕ್ಕೆ ಹೊಸ ಕಟ್ಟಡ ಬೇಡ, ಅನುಮತಿಯ ಮೊಹರು ಬೇಡ, ಕೈಯೊಂದಿದ್ದರೆ ಸಾಕು. ಅದರ ಜೊತೆಗೆ, ನೀರು ಬಿಡುವ ಮುನ್ನ ಮನೆಮನೆಗೆ ಮುಟ್ಟುವ ಸುದ್ದಿ, ನಂಬತಕ್ಕ ಒಂದು ದೋಣಿ, ಮಳೆಗಾಲದ ಮೂರು ತಿಂಗಳು ಓದುವ ಮಕ್ಕಳಿಗೆ ತಾಲೂಕಿನ ಊರಿನಲ್ಲಿ ತಂಗಲು ಒಂದು ಕೋಣೆ. ಇವುಗಳಲ್ಲಿ ಯಾವುದೂ ಪುರಾತತ್ವಕ್ಕೆ ವಿರೋಧವಲ್ಲ. ಕಂಬವನ್ನು ಕಾಯುವ ಕಾನೂನು ಬೇಕೇ ಬೇಕು. ಆ ಕಂಬದ ನೆರಳಿನಲ್ಲಿ ಉಣ್ಣುವವರ ಲೆಕ್ಕವನ್ನೂ ಯಾರಾದರೂ ಇಡಬೇಕಷ್ಟೆ.

ಹೊತ್ತು ಮುಳುಗುವ ಮುನ್ನ ಹೊರಟೆ. ಸಾಣಾಪುರದ ದಾರಿಯವರೆಗೆ ಹುಡುಗ ಜೊತೆಗೆ ಬಂದ. ಮುಂದೇನು ಮಾಡುವೆಯೆಂದು ಕೇಳಿದೆ. ಬಿ.ಎಡ್. ಮಾಡಿ ಮೇಷ್ಟರಾಗಬೇಕೆಂದಿದ್ದಾನಂತೆ. “ಎಲ್ಲಿ?” ಎಂದೆ. “ಎಲ್ಲಾದರೂ ಸರ್. ಮಳೆಗಾಲದಾಗ ಬರದ ಹುಡುಗರನ್ನ ಯಾಕ ಬರಲಿಲ್ಲ ಅಂತ ಒಬ್ಬೊಬ್ಬರನ್ನ ಕರೆದು ಕೇಳ್ತೀನಿ” ಎಂದ.

ಆ ಮಾತು ಯಾರಿಗೆಂದು ನನಗೆ ತಿಳಿಯಿತು. ಹಾಜರಿಯ ಪುಸ್ತಕವನ್ನು ತಿದ್ದುವ ಅಧಿಕಾರ ನನಗಿಲ್ಲ; ತಿದ್ದಲೂ ಇಲ್ಲ. ಆ ನಾಲ್ಕು ದಿನಗಳ ಪಾಠವನ್ನು ಮಾತ್ರ ಮುಂದಿನ ಎರಡು ಭಾನುವಾರ ನನ್ನ ಮನೆಯ ಜಗಲಿಯ ಮೇಲೆ ಮತ್ತೆ ಹೇಳಿದೆ. ಹೊಳೆ ಬಂದಾಗಲೆಲ್ಲ ಹೀಗೆ ಹೇಳುವುದೆಂದು ನಮ್ಮಿಬ್ಬರ ನಡುವೆ ಒಪ್ಪಂದವಾಗಿದೆ.