ಜನಗಣತಿಯ ಮೊಬೈಲ್ ಆ್ಯಪ್ ಕುರಿತು ಗಣತಿದಾರ ಶಿಕ್ಷಕರ ಮನವಿ ಪತ್ರ

ಗೆ,
ನಿರ್ದೇಶಕರು,
ಜನಗಣತಿ ಕಾರ್ಯಾಚರಣೆ ನಿರ್ದೇಶನಾಲಯ, ಕರ್ನಾಟಕ,
ಬೆಂಗಳೂರು

ಇವರಿಂದ,
ಗಣತಿ ಕೆಲಸಕ್ಕೆ ನಿಯೋಜನೆಗೊಳ್ಳುವ ಪ್ರಾಥಮಿಕ ಶಾಲಾ ಶಿಕ್ಷಕರು,
ಹೆಗ್ಗಡದೇವನಕೋಟೆ ಮತ್ತು ಹುಣಸೂರು ತಾಲ್ಲೂಕುಗಳು, ಮೈಸೂರು ಜಿಲ್ಲೆ

ವಿಷಯ: 2027ರ ಜನಗಣತಿಯಲ್ಲಿ ಜನರು ಕೊಟ್ಟ ಉತ್ತರವನ್ನು ಅವರು ಹೇಳಿದಂತೆಯೇ ದಾಖಲಿಸಲು ಆ್ಯಪ್‌ನಲ್ಲಿ ಅವಕಾಶ ಕೋರಿ.

ಮಾನ್ಯರೆ,

2011ರವರೆಗಿನ ಜನಗಣತಿಗಳೆಲ್ಲ ಕಾಗದದ ನಮೂನೆಗಳಲ್ಲೇ ನಡೆದವು. ಈ ಬಾರಿ ಮೊದಲ ಸಲ ಮೊಬೈಲ್ ಆ್ಯಪ್ ಬಂದಿದೆ. ಮನೆಯವರೇ ಪೋರ್ಟಲ್‌ನಲ್ಲಿ ವಿವರ ತುಂಬಿಕೊಳ್ಳಲೂಬಹುದು. ಈ ಬದಲಾವಣೆಯನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ವಯಸ್ಸಿಗೂ ವೈವಾಹಿಕ ಸ್ಥಿತಿಗೂ ತಾಳೆಯಾಗದಿದ್ದರೆ ಯಂತ್ರ ಅಲ್ಲೇ ಎಚ್ಚರಿಸಬಲ್ಲದು, ಅಂಕಿಅಂಶಗಳಿಗಾಗಿ ದೇಶ ವರ್ಷಗಟ್ಟಲೆ ಕಾಯುವುದು ತಪ್ಪುತ್ತದೆ. ಆದರೆ ಕಾಗದದ ಅಂಚಿನಲ್ಲಿ ಒಂದು ಮಾತು ಬರೆಯಲು ಜಾಗವಿತ್ತು. ಆ್ಯಪ್‌ನ ಆಯ್ಕೆ ಪಟ್ಟಿಯಲ್ಲಿಲ್ಲದ ಉತ್ತರಕ್ಕೆ ಜಾಗವನ್ನು ಮೊದಲೇ ಮಾಡಿಡಬೇಕು. ಅದಕ್ಕಾಗಿಯೇ ಈ ಮನವಿ.

1931ರ ಬಳಿಕ ಎಲ್ಲ ಜಾತಿಗಳನ್ನೂ ಎಣಿಸುವ ಮೊದಲ ಜನಗಣತಿ ಇದು. ನಮ್ಮ ತಾಲ್ಲೂಕುಗಳ ಹಾಡಿಗಳಲ್ಲಿ ಜೇನು ಕುರುಬರೂ ಕಾಡು ಕುರುಬರೂ ಇದ್ದಾರೆ, ಪಕ್ಕದ ಊರುಗಳಲ್ಲಿ ಕುರುಬರಿದ್ದಾರೆ. ಮೊದಲಿನ ಎರಡು ಸಮುದಾಯಗಳು ಪರಿಶಿಷ್ಟ ಪಂಗಡ, ಕುರುಬರು ಹಿಂದುಳಿದ ವರ್ಗ. ಹಾಡಿಯ ಹಿರಿಯರೊಬ್ಬರು ಬರೀ ‘ಕುರುಬ್ರು’ ಎಂದಾಗ, ಅವಸರದಲ್ಲಿರುವ ಗಣತಿದಾರರು ಪಟ್ಟಿಯಲ್ಲಿ ಮೊದಲು ಕಂಡ ಹೆಸರನ್ನು ಒತ್ತಿಬಿಟ್ಟರೆ ಆ ಇಡೀ ಕುಟುಂಬ ಬೇರೆ ಲೆಕ್ಕಕ್ಕೆ ಸೇರುತ್ತದೆ. ರಾಜ್ಯದಲ್ಲಿ ವಿಶೇಷವಾಗಿ ದುರ್ಬಲ ಬುಡಕಟ್ಟುಗಳೆಂದು ಗುರುತಿಸಿರುವುದು ಜೇನು ಕುರುಬರು ಮತ್ತು ಕೊರಗರನ್ನು ಮಾತ್ರ. ಜೇನು ಕುರುಬರಂಥ ಚಿಕ್ಕ ಸಮುದಾಯದ ಲೆಕ್ಕದಲ್ಲಿ ಕೆಲವೇ ಹಾಡಿಗಳ ತಪ್ಪೂ ದೊಡ್ಡದಾಗುತ್ತದೆ. ಬರೀ ಸಾಮಾನ್ಯ ಹೆಸರು ದಾಖಲಾದರೆ ಆಗುವ ತೊಡಕಿಗೆ ಇನ್ನೊಂದು ಉದಾಹರಣೆ: ಆದಿ ಕರ್ನಾಟಕ, ಆದಿ ದ್ರಾವಿಡ ಎಂದಷ್ಟೇ ಬರೆಸಿದವರ ಮೂಲ ಜಾತಿ ದಾಖಲೆಯಲ್ಲಿ ಇಲ್ಲದ್ದರಿಂದಲೇ 2025ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಆಯೋಗ ಪರಿಶಿಷ್ಟ ಜಾತಿಗಳ ಸಮೀಕ್ಷೆಯನ್ನು ಮನೆಮನೆಗೆ ಹೋಗಿ ನಡೆಸಬೇಕಾಯಿತು.

ಹಾಗೆಂದು ಪಟ್ಟಿಯೇ ಬೇಡ ಎನ್ನುತ್ತಿಲ್ಲ. 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಗೆ ಬೆಂಗಳೂರಿನ ಬಿಇಎಲ್ ತಯಾರಿಸಿದ ಟ್ಯಾಬ್ಲೆಟ್‌ಗಳನ್ನು ಬಳಸಲಾಯಿತು. ಆದರೆ ಜಾತಿಗಳ ಪಟ್ಟಿಯನ್ನು ಮೊದಲೇ ಸಿದ್ಧಪಡಿಸದ್ದರಿಂದ ಅಲ್ಲಿ 46 ಲಕ್ಷಕ್ಕೂ ಹೆಚ್ಚು ಜಾತಿ ಹೆಸರುಗಳು ದಾಖಲಾದವು. 1931ರಲ್ಲಿ ಇದ್ದದ್ದು 4,147. ಕೇಂದ್ರ ಸರ್ಕಾರವೇ ಇದನ್ನು 2021ರಲ್ಲಿ ಸುಪ್ರೀಂ ಕೋರ್ಟ್‌ಗೆ ತಿಳಿಸಿದೆ. ಆದ್ದರಿಂದ ಎರಡೂ ಇರಲಿ: ಮನೆಯವರು ಹೇಳಿದ ಹೆಸರನ್ನು ಕನ್ನಡದಲ್ಲೇ ಬರೆಯಲು ಒಂದು ಅಂಕಣ, ಅದರ ಕೆಳಗೆ ಜಿಲ್ಲಾವಾರು ಪಟ್ಟಿಯಿಂದ ಆಯ್ಕೆ. ಹೆಸರನ್ನು ಹೋಲುವ ಬೇರೆ ಸಮುದಾಯಗಳಿದ್ದರೆ ಆ್ಯಪ್ ಅವನ್ನು ಒಟ್ಟಿಗೆ ತೋರಿಸಿ ‘ಯಾರು?’ ಎಂದು ಮತ್ತೆ ಕೇಳಲಿ. ಮಾತೃಭಾಷೆಗೂ ಇದೇ ಕ್ರಮ ಬೇಕು.

ಜನಗಣತಿ ಅಧಿನಿಯಮ, 1948ರ 8ನೇ ಕಲಂ ಪ್ರಕಾರ ಸಂಪ್ರದಾಯ ಅಡ್ಡಬಂದರೆ ಹೆಂಗಸು ಗಂಡನ ಹೆಸರು ಹೇಳಬೇಕಾಗಿಲ್ಲ. ಕಾನೂನು ಕೊಟ್ಟ ಈ ವಿನಾಯಿತಿಯನ್ನು ಕಡ್ಡಾಯ ಅಂಕಣವೊಂದು ಕಿತ್ತುಕೊಳ್ಳಬಾರದು. ಅಂಕಣ ತುಂಬದೆ ಮುಂದಿನ ಪುಟ ತೆರೆಯದಿದ್ದರೆ ಗಣತಿದಾರರು ಏನಾದರೊಂದು ತುಂಬಲೇಬೇಕಾಗುತ್ತದೆ. ‘ಹೇಳಲಿಲ್ಲ’, ‘ಗೊತ್ತಿಲ್ಲ’ ಎಂಬ ಉತ್ತರಗಳಿಗೂ ಜಾಗ ಕೊಡಿ.

ಹೆಂಗಸರ ದುಡಿಮೆಯ ವಿಷಯದಲ್ಲಿ ನಮ್ಮ ಆತಂಕ ಇನ್ನೂ ಹೆಚ್ಚು. ‘ಏನು ಕೆಲಸ ಮಾಡ್ತೀರಮ್ಮಾ?’ ಎಂದರೆ ‘ಏನೂ ಇಲ್ಲ, ಮನೇಲೇ ಇರ್ತೀನಿ’ ಎನ್ನುತ್ತಾರೆ. ಹಾಲು ಡೇರಿಗೆ ಹಾಕುವವರು ಯಾರು, ಹೊಗೆಸೊಪ್ಪು ಪೋಣಿಸುವವರು ಯಾರು ಎಂದು ಬಿಡಿಸಿ ಕೇಳಿದಾಗಲಷ್ಟೇ ದುಡಿಮೆ ಬೆಳಕಿಗೆ ಬರುತ್ತದೆ. ಮನೆಯ ಹುಡುಗ ಫೋನಿನಲ್ಲಿ ಎಲ್ಲರ ಪರವಾಗಿ ವಿವರ ತುಂಬಿದರೆ ಈ ಪ್ರಶ್ನೆಗಳನ್ನು ಕೇಳುವವರೇ ಇರುವುದಿಲ್ಲ. ಸ್ವಯಂ ತುಂಬಿದ ಮನೆಗಳಲ್ಲೂ ಹೆಂಗಸರ ಕೆಲಸದ ವಿವರವನ್ನು ಅವರನ್ನೇ ಕಂಡು ಖಚಿತಪಡಿಸಿಕೊಳ್ಳಲು ನಮಗೆ ಸಮಯ ಬೇಕು. ಒಂದೊಂದು ಮನೆಗೆ ಎಷ್ಟು ನಿಮಿಷ ಹಿಡಿಯಿತೆಂಬುದನ್ನು ಆ್ಯಪ್ ದಾಖಲಿಸಬಲ್ಲದು. ಅತಿ ಬೇಗ ಮುಗಿದ ನಮೂನೆಗಳನ್ನು ಮರುಪರಿಶೀಲಿಸಲು ಆ ಮಾಹಿತಿ ಬಳಸಿ. ನಿಧಾನವಾಗಿ ಕೇಳಿ ಬರೆದವರಿಗೆ ನೋಟಿಸ್ ಕೊಡಲು ಬಳಸಬೇಡಿ.

ಕಾಡಂಚಿನಲ್ಲಿ ನೆಟ್‌ವರ್ಕ್ ಸಿಗದ ಹಾಡಿಗಳಿವೆ. ಅಲ್ಲಿ ಆಫ್‌ಲೈನ್‌ನಲ್ಲಿ ಉಳಿಸಿದ ವಿವರ ಅಳಿಸದಂತಿರಬೇಕು, ಒಟಿಪಿ ಕಡ್ಡಾಯವಾಗಬಾರದು, ಫೋನ್ ಕೈಕೊಟ್ಟರೆ ಕಾಗದದ ನಮೂನೆ ಜೊತೆಗಿರಬೇಕು. ಇಲಾಖೆ ಸಾಧನ ಕೊಡಲಿ, ಇಲ್ಲವೇ ಸ್ವಂತ ಫೋನಿನ ಡೇಟಾ ವೆಚ್ಚವನ್ನಾದರೂ ಭರಿಸಲಿ.

ಗಣತಿಯ ದಾಖಲೆ ಸಾಕ್ಷ್ಯವಾಗದು, ಯಾರೂ ಅದನ್ನು ತೆರೆದು ನೋಡುವಂತಿಲ್ಲ ಎಂದು ಅದೇ ಅಧಿನಿಯಮದ 15ನೇ ಕಲಂ ಭರವಸೆ ಕೊಟ್ಟಿದೆ. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಕಾಡಿನಿಂದ ಎಬ್ಬಿಸುವ ಭಯದಲ್ಲಿ ಬದುಕುವ ಜನ ಮನೆಯ ಜಾಗ ಫೋನಿನಲ್ಲಿ ಗುರುತಾಗುವುದನ್ನು ಕಂಡರೆ ಬೆದರುವುದು ಸಹಜ. ಆ ವಿವರ ಬೇರೆ ಯಾವ ಇಲಾಖೆಗೂ ಹೋಗದೆಂದು ಲಿಖಿತ ಆದೇಶ ಹೊರಡಿಸಿ, ಅದರ ಕನ್ನಡ ಪ್ರತಿಯನ್ನು ಪ್ರತಿ ಗಣತಿದಾರರ ಕೈಗೆ ಕೊಡಬೇಕು.

2027ರ ಫೆಬ್ರವರಿಯ ಎಣಿಕೆಗೆ ಮುನ್ನ ಹಾಡಿಯೊಂದರಲ್ಲಿ ಸಮುದಾಯದ ಹಿರಿಯರ ಎದುರಿಗೇ ಈ ಆ್ಯಪ್ ಪರೀಕ್ಷಿಸಬೇಕೆಂದೂ, ಈ ಮನವಿಯನ್ನು ಭಾರತದ ಮಹಾ ನೋಂದಣಾಧಿಕಾರಿಗಳು ಮತ್ತು ಜನಗಣತಿ ಆಯುಕ್ತರಿಗೆ ಕಳುಹಿಸಿ ನಮಗೆ ಲಿಖಿತ ಉತ್ತರ ನೀಡಬೇಕೆಂದೂ ವಿನಂತಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ಗಣತಿದಾರ ಶಿಕ್ಷಕರು