ಟಿಕೆಟ್ ಕೇಳಿ ಪಡೆಯೋಣ



2023ರ ಜೂನ್ 11ರಂದು 'ಶಕ್ತಿ' ಯೋಜನೆ ಶುರುವಾಯ್ತು. ಅಂದಿನಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟಿಗೆ ದುಡ್ಡಿಲ್ಲ. ಕೆಲವು ಹುಡುಗರು ನಮ್ಮನ್ನು "ಪುಕ್ಕಟೆ ಗಿರಾಕಿಗಳು" ಅಂತ ರೇಗಿಸ್ತಾರೆ. ಅವರ ವಿದ್ಯಾರ್ಥಿ ಪಾಸಿಗೂ ಸರ್ಕಾರದ ರಿಯಾಯಿತಿ ಇದೆಯಲ್ಲವೇ?

ಕಂಡಕ್ಟರ್ ಅಣ್ಣ ಕೊಡುವ ಶೂನ್ಯ ಟಿಕೆಟ್ ಬರೀ ಕಾಗದದ ಚೂರಲ್ಲ. ಅದರ ಲೆಕ್ಕ ಹಿಡಿದೇ ಸರ್ಕಾರ ಸಾರಿಗೆ ನಿಗಮಕ್ಕೆ ಹಣ ಕೊಡಬೇಕು. ಟಿಕೆಟ್ ಕೇಳದೆ ಕೂತರೆ ನಾವು ಬಸ್ಸು ಹತ್ತಿದ್ದೇ ಲೆಕ್ಕಕ್ಕೆ ಬರಲ್ಲ. ಹತ್ತುವವರೇ ಇಲ್ಲ ಅಂದರೆ ನಮ್ಮೂರಿಗೆ ಬಸ್ಸು ಯಾಕೆ ಬರಬೇಕು? ಬಸ್ಸೇ ನಿಂತುಹೋದರೆ ಹತ್ತನೇ ಕ್ಲಾಸ್ ಆದಮೇಲೆ ನಾವು ಪೇಟೆಯ ಕಾಲೇಜಿಗೆ ಹೋಗೋದು ಹೇಗೆ?

ಆದ್ದರಿಂದ ಊರಿನ ಹೆಸರು ಹೇಳಿ ಟಿಕೆಟ್ ಪಡೆಯಿರಿ. ಅಮ್ಮ, ಅಜ್ಜಿಗೂ ಹೇಳಿ.

— ಹತ್ತನೇ ತರಗತಿಯ ವಿದ್ಯಾರ್ಥಿನಿ